ಮೋತಿಖಾನನ ಮಾಲೀಕ: ಗೋಳಗುಮ್ಮಟದ ನೆರಳಿಗೆ ಸಿಕ್ಕ ಹಾಡುಗಾರ

ಈ ಕಂತು ಒಂದು ಹಾಡಿನಿಂದ ಶುರು ಆಗಬೇಕಿತ್ತು. ಆದ್ರ ಆ ಹಾಡಿನ ಧಾಟಿ ಈಗ ಜಗತ್ತಿನಾಗ ಯಾರಿಗೂ ಗೊತ್ತಿಲ್ಲ. ಪದ ಉಳಿದಾವ, ಯಾವ ರಾಗ ಅಂತ ಬರೆದಿದ್ದು ಉಳಿದದ, ಬರೆದವನ ಹೆಸರು ಉಳಿದದ. ಅವನು ನುಡಿಸುತ್ತಿದ್ದ ವಾದ್ಯದ ಹೆಸರೂ ಉಳಿದದ. ಧಾಟಿ ಮಾತ್ರ ಹೋಗ್ಯದ.

ಆ ವಾದ್ಯದ ಹೆಸರು ಮೋತಿಖಾನ್.

ಗಿಟಾರ್ ಹುಚ್ಚಿರೋರಿಗೆ ಬಿ.ಬಿ. ಕಿಂಗ್ ಗೊತ್ತಿರ್ತಾನ. ಅಮೆರಿಕದ ಬ್ಲೂಸ್ ಗಿಟಾರಿಸ್ಟ್. ತನ್ನ ಗಿಟಾರಿಗೆ ಲೂಸಿಲ್ ಅಂತ ಹೆಸರಿಟ್ಟಿದ್ದ, ಆ ಕಥೆ ಯೂಟ್ಯೂಬ್‌ನಾಗ ನೂರು ಸಲ ಕೇಳಿರ್ತೀರಿ. ಅವನಿಗಿಂತ ಸುಮಾರು ಮುನ್ನೂರೈವತ್ತು ವರ್ಷ ಮೊದಲು, ನಮ್ಮ ಕಲಬುರಗಿಯಿಂದ ನಾಲ್ಕು ತಾಸಿನ ದಾರಿಯ ಊರಿನಾಗ, ಒಬ್ಬ ಮನುಷ್ಯ ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟು ಅದರ ಮೇಲೇ ಹಾಡು ಕಟ್ಟಿದ. ಖಾನ್ ಅನ್ನೋದು ಆ ದರಬಾರಿನಲ್ಲಿ ದೊಡ್ಡ ದೊಡ್ಡ ಸರದಾರರಿಗೆ ಸಿಗುತ್ತಿದ್ದ ಬಿರುದು. ಇವನು ಅದನ್ನ ಒಂದು ಕಟ್ಟಿಗೆ-ತಂತಿಗೆ ಕೊಟ್ಟ. ತನ್ನ ಆನೆಗೂ ಕೊಟ್ಟ. ಆನೆಯ ಹೆಸರು ಆತಶ್ ಖಾನ್.

ಅವನು ಬಿಜಾಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹ. ಆಳಿದ್ದು 1580ರಿಂದ 1627ರವರೆಗೆ. "ಏ, ರಾಜನ ಕಥಿ ಏನ್ ಹೇಳ್ತೀಯೋ, ಅವನು ಎಲ್ಲಿಂದ ಅಲಕ್ಷಿತ ಕಲಾವಿದ ಆದ" ಅಂತ ನೀವು ಅನ್ನೋದು ನನಗ ಕೇಳಿಸ್ತದ. ಸ್ವಲ್ಪ ತಡೀರಿ. ಮೊದಲು ನನ್ನ ಕಥಿ ಹೇಳ್ತೀನಿ, ಅಲ್ಲಿಂದ ಇವನ ಕಡೆ ಬರೋಣ.

ನಮ್ಮೂರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುತ್ತದ, ಕೆಂಪು ಬಾಳೆಹಣ್ಣಿನ ಊರು. ನಮ್ಮ ಮನೆಮಾತು ದಖ್ಖನಿ. ಸಾಲಿ ಕಲಿತಿದ್ದು ಕನ್ನಡದಾಗ. ದಖ್ಖನಿ ಅಂದ್ರ ನೀವೆಲ್ಲ ಕೇಳಿರೋದೇ: ಬೇಡ ಅನ್ನಲಿಕ್ಕೆ "ನಕ್ಕೋ", ಹೌದು ಅನ್ನಲಿಕ್ಕೆ "ಹೌ", ಯಾಕ ಅನ್ನಲಿಕ್ಕೆ "ಕೈಕು". ಕಲಬುರಗಿಯ ಸೂಪರ್ ಮಾರ್ಕೆಟ್‌ನಾಗ ಹಣ್ಣಿನ ಬಂಡಿಯವನು, ಆಟೋದವನು, ಟೇಲರ್, ಯಾವ ಜಾತಿ ಧರ್ಮದವರಾದರೂ ಇದನ್ನ ಆಡ್ತಾರ. ಆದ್ರ ಇದರಾಗ ಹಾಡು ಬರೀತೀನಿ ಅಂದ್ರ ಮಾತ್ರ ನಗ್ತಾರ.

ಮೂರು ವರ್ಷದ ಹಿಂದ ಕಲಬುರಗಿಯ ಒಂದು ಕಾಲೇಜಿನ ಫೆಸ್ಟ್‌ನಾಗ ಸ್ವಂತ ಹಾಡಿನ ಸ್ಪರ್ಧೆ ಇತ್ತು. ಸೆಕೆಂಡ್‌ಹ್ಯಾಂಡ್ ಗಿಟಾರ್ ಹಿಡ್ಕೊಂಡು ಹೋದೆ. ಹಾಡು ಇದ್ದಿದ್ದು ನಮ್ಮಪ್ಪ ದುಡೀಲಿಕ್ಕೆ ದೂರ ಹೋದ ವರ್ಷದ ಬಗ್ಗೆ. ನಗೋ ಹಾಡಲ್ಲ ಅದು. ಮೊದಲ ಸಾಲಿನಾಗ "ನಕ್ಕೋ" ಬಂತು, ಇಡೀ ಹಾಲ್ ಗೊಳ್ ಅಂತ ನಕ್ತು. ಎರಡನೇ ಸಾಲಿಗೆ ಸೀಟಿ ಬಿತ್ತು. ಮುಗಿದ ಮೇಲೆ ತೀರ್ಪುಗಾರರೊಬ್ಬರು ಮೈಕ್ ತಗೊಂಡು, ಇದನ್ನ ಹಾಸ್ಯದ ವಿಭಾಗಕ್ಕೆ ಕೊಟ್ಟಿದ್ದರೆ ಬಹುಮಾನ ಗ್ಯಾರಂಟಿ ಇತ್ತು ಅಂದ್ರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ, ಹೊಗಳಲಿಕ್ಕೇ ಅಂದಿದ್ದು. ಅದಕ್ಕೇ ಇನ್ನೂ ಜಾಸ್ತಿ ನೋವಾಯ್ತು.

ರಾತ್ರಿ ಬಸ್ಸಿಗೆ ಕಮಲಾಪುರಕ್ಕೆ ಬಂದೆ. ನಾನಿ ಎದ್ದೇ ಇದ್ದಳು. "ಕೈಕು ರೇ, ಮೂಂ ಲಟ್ಕಾಕೋ ಆಯಾ?" ಅಂದಳು. ಯಾಕೋ ಮುಖ ಜೋತು ಹಾಕ್ಕೊಂಡು ಬಂದಿ, ಅಂತ. ಹೇಳಿದೆ. ಆಕೆ ಏನೂ ಸಮಾಧಾನ ಮಾಡಲಿಲ್ಲ. ಊಟಕ್ಕೆ ಹಾಕಿದಳು.

ಅದಾದ ಮೇಲೆ, ದಖ್ಖನಿಯಲ್ಲಿ ಯಾರಾದ್ರೂ ಗಂಭೀರವಾಗಿ ಹಾಡು ಬರೆದಾರೇನು ಅಂತ ಹುಡುಕ್ತಾ ಹೋದೆ. ಸಿಟ್ಟಿನಿಂದಲೇ ಹುಡುಕಿದ್ದು, ಸುಳ್ಳು ಯಾಕ ಹೇಳ್ಲಿ. ಆಗ ಸಿಕ್ಕಿದ್ದು 'ಕಿತಾಬ್-ಎ-ನೌರಸ್'. ಒಂಬತ್ತು ರಸಗಳ ಪುಸ್ತಕ. 59 ಹಾಡು, 17 ದೋಹೆ. ಭಾಷೆ ದಖ್ಖನಿ. ಬರೆದವನು ಮೋತಿಖಾನನ ಮಾಲೀಕ.

ಇಬ್ರಾಹಿಂನ ಬಾಲ್ಯ ಕೇಳಿದ್ರ ಹಾಡು ಎಲ್ಲಿಂದ ಬಂತು ಅಂತ ಆಶ್ಚರ್ಯ ಆಗ್ತದ. ದೊಡ್ಡಪ್ಪ ಒಂದನೇ ಅಲಿ ಆದಿಲ್‌ಶಾಹ ಕೊಲೆಯಾದಾಗ ಇವನು ಒಂಬತ್ತರ ಆಸುಪಾಸಿನ ಹುಡುಗ. ಗಾದಿಗೆ ಕೂರಿಸಿದರು. ಆಡಳಿತ ನೋಡಿಕೊಂಡಿದ್ದು ಅಲಿಯ ಹೆಂಡತಿ ಚಾಂದಬೀಬಿ, ಮುಂದೆ ಅಹಮದನಗರದಲ್ಲಿ ಮೊಘಲರ ಎದುರು ನಿಂತಳಲ್ಲ, ಅದೇ ಚಾಂದಬೀಬಿ. ಆದರೆ ಸರದಾರರು ಬಿಡಬೇಕಲ್ಲ. ಒಬ್ಬನಾದ ಮೇಲೆ ಒಬ್ಬ ಅಧಿಕಾರ ಕಿತ್ತುಕೊಳ್ಳುತ್ತಾ ಹೋದರು. ಒಬ್ಬನಂತೂ ಆಕೆಯನ್ನೇ ಸಾತಾರಾ ಕೋಟೆಯಲ್ಲಿ ಸೆರೆ ಇಟ್ಟ. ಹುಡುಗ ಹತ್ತು ವರ್ಷ ಹೆಸರಿಗಷ್ಟೇ ಸುಲ್ತಾನ. 1590ರಲ್ಲಿ ದಿಲಾವರ್ ಖಾನ್‌ನನ್ನು ಓಡಿಸಿದ ಮೇಲೇ ನಿಜವಾದ ಅಧಿಕಾರ ಕೈಗೆ ಬಂತು. ಅಷ್ಟೊತ್ತಿಗೆ ಇಪ್ಪತ್ತರ ಯುವಕ.

ಅಧಿಕಾರ ಕೈಗೆ ಬಂದ ಮೇಲೆ ಅವನ ತಲೆಯೊಳಗೆ ಒಂದೇ ಪದ ಹೊಕ್ಕಿತು: ನೌರಸ್. ಒಂಬತ್ತು ರಸ ಅಂತಲೂ ಆಯ್ತು, ಪರ್ಶಿಯನ್‌ನಲ್ಲಿ ಹೊಸದಾಗಿ ಬಂದದ್ದು ಅನ್ನೋ ಅರ್ಥವೂ ಬಂತು. ಪುಸ್ತಕಕ್ಕೆ ನೌರಸ್, ಅರಮನೆಗೆ ನೌರಸ್, ಹಬ್ಬಕ್ಕೆ ನೌರಸ್. 1599ರಲ್ಲಿ ಬಿಜಾಪುರದ ಪಕ್ಕದಲ್ಲಿ ಒಂದು ಹೊಸ ಊರೇ ಕಟ್ಟಿಸಲಿಕ್ಕೆ ಶುರು ಮಾಡಿದ, ಅದಕ್ಕೆ ನೌರಸ್‌ಪುರ. ನಮ್ಮ ಭಾಷೆಯಲ್ಲಿ ಹೇಳೋದಾದರೆ ತನ್ನ ಆಲ್ಬಂ ಹೆಸರನ್ನೇ ಒಂದು ಶಹರಕ್ಕೆ ಇಟ್ಟ. ಈಗ ವಿಜಯಪುರದ ಪಕ್ಕ ತೊರವಿಗೆ ಹೋದರೆ ಸಂಗೀತ ಮಹಲ್ ಅಂತ ಅದರ ಉಳಿಕೆ ನೋಡಬಹುದು. ದೊಡ್ಡ ಕಮಾನು, ಮುಂದೆ ನೀರಿನ ಹೊಂಡದ ಜಾಗ. ಊರು ಪೂರ್ತಿ ಬೆಳೀಲೇ ಇಲ್ಲ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ಬಂದು ಹಾಳು ಮಾಡಿ ಹೋದ.

ಈಗ ಹಾಡುಗಳಿಗೆ ಬರೋಣ. ಪ್ರತಿ ಹಾಡಿನ ಮೇಲೆ ಅದು ಯಾವ ರಾಗದಲ್ಲಿ ಅಂತ ಬರೆದದ. ಭೂಪಾಲಿ, ಭೈರವ, ಅಸಾವರಿ, ತೋಡಿ, ಮಲ್ಹಾರ್, ಕಲ್ಯಾಣ, ಕೇದಾರ, ಹೀಗೆ. ಕಾನಡಾ ಕೂಡ ಅದ. ಕರ್ನಾಟ ಅನ್ನೋ ನಮ್ಮ ಹೆಸರೇ ಸವೆದು ಕಾನಡಾ ಆಗಿರೋದು. ಅಂದ್ರ ಇವು ಓದಲಿಕ್ಕೆ ಬರೆದ ಕವನಗಳಲ್ಲ, ಹಾಡಲಿಕ್ಕೆ ಬರೆದವು. ಬರೆದವನು ಗಾಯಕ, ವಾದಕ.

ವಿಷಯ ಏನು? ಇಲ್ಲೇ ನನಗ ತಲೆ ತಿರುಗಿದ್ದು. ಒಂದು ಕಡೆ ಸರಸ್ವತಿ. ಸುಮ್ಮನೆ ಒಂದು ಸಲ ಹೆಸರು ಹೇಳಿ ಬಿಟ್ಟಿದ್ದಲ್ಲ. ಗಣಪತಿಯನ್ನು ತಂದೆ, ಸರಸ್ವತಿಯನ್ನು ತಾಯಿ ಅಂತ ಕರೀತಾನೆ. ಶಿವ ಪಾರ್ವತಿ ಬರ್ತಾರ. ಪ್ರವಾದಿ ಬರ್ತಾರ. ಭೈರವ ರಾಗವನ್ನು ಒಬ್ಬ ವ್ಯಕ್ತಿ ಅನ್ನೋ ಹಂಗ ಕಣ್ಣ ಮುಂದೆ ನಿಲ್ಲಿಸ್ತಾನೆ: ಕರ್ಪೂರದಂಥ ಮೈಬಣ್ಣ, ತಲೆ ಮೇಲೆ ಚಂದ್ರ. ಹೆಂಡತಿ ಚಾಂದ್ ಸುಲ್ತಾನ್ ಮೇಲೆ ಹಾಡು ಅದ, ಆನೆ ಮೇಲೆ ಅದ, ವಿರಹದ ಮೇಲೆ ಅದ. ಒಂದು ದೋಹೆಯಲ್ಲಿ ತನಗೆ ಲೋಕದಲ್ಲಿ ಬೇಕಾದದ್ದು ಎರಡೇ, ತಂಬೂರು ಮತ್ತು ಚೆಂದದ ಹೆಣ್ಣು ಅಂತಾನೆ. ನಮ್ಮ ಹಾಸ್ಟೆಲ್ ಗಿಟಾರಿಸ್ಟುಗಳೆಲ್ಲ ಒಪ್ಪೋ ಮಾತು.

ಇವರೆಲ್ಲರ ನಡುವೆ ಮತ್ತೆ ಮತ್ತೆ ಬರೋ ಇನ್ನೊಂದು ಹೆಸರು: ಸೈಯದ್ ಮಹಮ್ಮದ್ ಗೇಸುದರಾಜ್. ಯಾರು ಗೊತ್ತಾಯ್ತಲ್ರಿ? ನಮ್ಮ ಖಾಜಾ ಬಂದೇನವಾಜ್. ದಿಲ್ಲಿಯಲ್ಲಿ ಹುಟ್ಟಿ, ತೈಮೂರನ ದಾಳಿಯಾದ ಮೇಲೆ ದಕ್ಷಿಣಕ್ಕೆ ಬಂದು, 1400ರ ಸುಮಾರಿಗೆ ಕಲಬುರಗಿಯಲ್ಲಿ ನೆಲೆ ನಿಂತು, 1422ರಲ್ಲಿ ಇಲ್ಲೇ ಮಣ್ಣಾದವರು. ಇಬ್ರಾಹಿಂ ಹುಟ್ಟೋದಕ್ಕಿಂತ ಸುಮಾರು ನೂರೈವತ್ತು ವರ್ಷ ಮೊದಲೇ ಹೋದವರು. ಆದರೂ ಇವನಿಗೆ ಅವರು ಬೇಕು, ಸರಸ್ವತಿಯ ಪಕ್ಕದಲ್ಲೇ ಬೇಕು. ಉರುಸಿನ ಹೊತ್ತಿಗೆ ದರ್ಗಾದ ರಸ್ತೆಯಲ್ಲಿ ಜಾಗ ಮಾಡ್ಕೊಂಡು ನಡೆಯೋವಾಗ ಈಗ ನನಗೆ ಇದು ನೆನಪಾಗ್ತದ. ಸಣ್ಣವನಿದ್ದಾಗ ನಾನಿ ಕೈ ಹಿಡ್ಕೊಂಡು ಹೋಗುತ್ತಿದ್ದ ಜಾಗ. ಆ ಹೆಸರಿಗೆ ನಮ್ಮ ಮನೆಮಾತಿನಲ್ಲಿ, ರಾಗ ಹಾಕಿ, ಒಬ್ಬ ಬಾದಶಹ ಹಾಡು ಕಟ್ಟಿದ್ದ ಅಂತ ನಮಗ ಯಾರೂ ಹೇಳಿರಲಿಲ್ಲ.

ರಾಜ ಅಂದ ಮೇಲೆ ಒಂದು ಅನುಮಾನ ಇರಲೇಬೇಕು. ಬಾದಶಹ ಕೆಮ್ಮಿದರೂ ವಾಹ್ ಅನ್ನೋರು ಸುತ್ತ ಇರ್ತಾರ. ಅವನ ಆಸ್ಥಾನದ ಪರ್ಶಿಯನ್ ಕವಿ ಜುಹೂರಿ ಈ ಪುಸ್ತಕಕ್ಕೆ ಒಂದು ಮುನ್ನುಡಿ ಬರೆದ. ಹೊಗಳಿಕೆ ಅಂದ್ರ ಹೊಗಳಿಕೆ. ತಮಾಷೆ ನೋಡ್ರಿ, ಆ ಮುನ್ನುಡಿಯ ಗದ್ಯ ಎಷ್ಟು ಹೆಸರು ಮಾಡಿತು ಅಂದ್ರ, ಪರ್ಶಿಯನ್ ಕಲಿಯೋರು ಮುನ್ನುಡಿ ಓದಿದರು, ಪುಸ್ತಕ ಬಿಟ್ಟರು. ಜುಹೂರಿಯ ಸಾಕ್ಷಿ ನಾನೂ ತಗೊಳ್ಳಲ್ಲ, ಸಂಬಳ ತಿನ್ನೋ ಮನುಷ್ಯ. ಆದ್ರ ಎದುರಾಳಿಗಳು ಹೇಳಿದ್ದನ್ನ ತಗೊಳ್ಳಬಹುದಲ್ಲ?

ಮೊಘಲ್ ಬಾದಶಹ ಅಕ್ಬರ್ 1603-04ರ ಹೊತ್ತಿಗೆ ಅಸದ್ ಬೇಗ್ ಅನ್ನೋ ದೂತನನ್ನು ಬಿಜಾಪುರಕ್ಕೆ ಕಳಿಸಿದ. ಬಿಜಾಪುರದ ಪೇಟೆಯಲ್ಲಿ ತಂಬಾಕು ನೋಡಿ ಬೆರಗಾಗಿ, ಹುಕ್ಕಾ ಸಮೇತ ಅಕ್ಬರನಿಗೆ ಒಯ್ದುಕೊಟ್ಟವನು ಇವನೇ. ಅವನು ಬರೆದಿಟ್ಟಿದ್ದಾನೆ: ಸುಲ್ತಾನ ಸಂಗೀತದಲ್ಲಿ ಎಷ್ಟು ಮುಳುಗಿರುತ್ತಿದ್ದ ಅಂದರೆ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡೋದೂ ಕಷ್ಟ ಆಗುತ್ತಿತ್ತು. ದೇಶದ ಅತಿ ದೊಡ್ಡ ಬಾದಶಹನ ದೂತ ಎದುರಿಗೆ ಕೂತಿದ್ದಾನೆ, ಇವನ ಕಿವಿ ತಂತಿಯ ಮೇಲಿದೆ. ರಾಜಕಾರಣಿಯಾಗಿ ಇದು ತಪ್ಪೋ, ಬೇಕಂತಲೇ ಮಾಡಿದ ನಾಟಕವೋ, ಅದು ಬೇರೆ ಮಾತು.

ಎರಡನೇ ಸಾಕ್ಷಿ ಇನ್ನೂ ಗಟ್ಟಿ. ಅಕ್ಬರನ ಮಗ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬಖ್ತರ್ ಖಾನ್ ಅನ್ನೋ ಗಾಯಕನ ಬಗ್ಗೆ ಬರೀತಾನೆ. ಬಿಜಾಪುರದ ಸುಲ್ತಾನ ಇವನನ್ನು ಧ್ರುಪದ ಗಾಯನಕ್ಕೆ ಗುರು ಮಾಡಿಕೊಂಡಿದ್ದ, ತನ್ನ ಮನೆಯ ಹುಡುಗಿಯನ್ನೇ ಮದುವೆ ಮಾಡಿಕೊಟ್ಟಿದ್ದ ಅಂತ. ಜಹಾಂಗೀರ್ ಬಿಜಾಪುರದವರನ್ನು ಸುಲ್ತಾನ ಅಂತ ಕರೆಯೋಕೂ ತಯಾರಿರಲಿಲ್ಲ, "ಆದಿಲ್ ಖಾನ್" ಅಂತಲೇ ಬರೀತಿದ್ದ. ಅಂಥವನು ಇವನ ಸಂಗೀತದ ಹುಚ್ಚನ್ನ ಸುಮ್ಮಸುಮ್ಮನೆ ಒಪ್ಪಿಕೊಳ್ತಾನೇನು? ಗುರು ಇದ್ದ ಅನ್ನೋದೇ ನನಗೆ ಮುಖ್ಯ. ದರಬಾರಿನವರು ಚಪ್ಪಾಳೆ ಹೊಡೀತಾರ, ಗುರು ತಪ್ಪು ತಿದ್ದುತಾನೆ.

ಒಂದು ಚಿತ್ರವೂ ಅದ. ಫರ್ರುಖ್ ಬೇಗ್ ಅನ್ನೋ ಕಲಾವಿದ ಬರೆದದ್ದು, ಇಬ್ರಾಹಿಂ ಕೂತು ತಂಬೂರು ನುಡಿಸ್ತಿದ್ದಾನೆ. ಈಗ ಅದು ಇರೋದು ಯುರೋಪಿನ ಪ್ರಾಗ್ ನಗರದ ಮ್ಯೂಸಿಯಂನಾಗ. ಫೋನಿನಲ್ಲಿ ಹುಡುಕಿದರೆ ಸಿಗ್ತದ. ಭಜನೆಯಲ್ಲಿ ಶ್ರುತಿಗೆ ಇಟ್ಟುಕೊಳ್ಳೋ ನಮ್ಮ ತಂಬೂರಿಯನ್ನು ಮನಸ್ಸಿಗೆ ತಂದುಕೊಳ್ಳಬೇಡಿ. ಇದು ಉದ್ದ ಕತ್ತಿನ, ಮೈಗೆ ಒರಗಿಸಿ ನುಡಿಸೋ ವಾದ್ಯ. ಗಿಟಾರ್ ಹಿಡಿಯೋರಿಗೆ ಅವನು ಕೂತ ರೀತಿ ನೋಡಿದ ಕೂಡಲೇ ಪರಿಚಯ ಅನ್ನಿಸ್ತದ. ಆಗಿನ ರಾಜರ ಚಿತ್ರ ಅಂದ್ರ ಕೈಯಾಗ ಖಡ್ಗ, ಗಿಡುಗ, ಇಲ್ಲಾ ಗುಲಾಬಿ. ಇವನು ಹೀಗೆ ಬರೆಸಿಕೊಂಡ.

ಒಳ್ಳೆಯವನೇ ಅಂತ ನಾನು ಸರ್ಟಿಫಿಕೇಟ್ ಕೊಡ್ತಿಲ್ಲ. ಸ್ವಂತ ತಮ್ಮ ಇಸ್ಮಾಯಿಲ್ ಬೆಳಗಾವಿಯಲ್ಲಿ ಬಂಡೆದ್ದಾಗ ಸೈನ್ಯ ಕಳಿಸಿದ, ತಮ್ಮನ ಜೀವ ಉಳಿಯಲಿಲ್ಲ. 1619ರಲ್ಲಿ ಬೀದರಿನ ಬರೀದ್‌ಶಾಹಿ ರಾಜ್ಯವನ್ನು ನುಂಗಿ ಹಾಕಿದ. ನಮ್ಮ ಕಮಲಾಪುರದಿಂದ ಬೀದರ್ ಎಷ್ಟು ದೂರ, ನೆರೆಮನೆ ಇದ್ದ ಹಂಗ. ಹಾಡು ಬರೆಯೋ ಕೈಯೇ ಇದನ್ನೂ ಮಾಡಿತು. ಅಭಿಮಾನಿ ಆದವನು ಇದನ್ನ ಮುಚ್ಚಿಡಬಾರದು.

ಹಂಗಾದ್ರ ಇಂಥ ಹಾಡುಗಾರ ಮರೆತುಹೋದದ್ದು ಹೆಂಗ? ನನ್ನ ಲೆಕ್ಕ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗ ಬಿಟ್ಟಿದ್ದು.

ಬಿಜಾಪುರ ಅಂದ್ರ ಪ್ರವಾಸಿಗೆ ಗೋಳಗುಮ್ಮಟ. ಅದು ಇವನ ಮಗ ಮಹಮ್ಮದ್ ಆದಿಲ್‌ಶಾಹನ ಗೋರಿ. ಪಿಸುಗುಟ್ಟಿದರೂ ಕೇಳಿಸೋ ಗುಮ್ಮಟ ಅಂತ ಸಾಲಿ ಮಕ್ಕಳೆಲ್ಲ ಹೋಗಿ ಚೀರಿ ಬರ್ತಾರ. ಅಪ್ಪನ ಗೋರಿ ಇಬ್ರಾಹಿಂ ರೋಜಾ ಅದಕ್ಕಿಂತ ಸೂಕ್ಷ್ಮ ಕೆಲಸದ್ದು, ನನ್ನ ಕಣ್ಣಿಗಂತೂ ಅದೇ ಚೆಂದ. ಆದ್ರ ಅಲ್ಲಿಗೆ ಹೋದೋರೂ ಕಲ್ಲು ನೋಡಿ ಬರ್ತಾರ. ಹಾಡಿಗೆ ಗುಮ್ಮಟ ಇಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಭಾಷೆಗೆ. 1686ರಲ್ಲಿ ಔರಂಗಜೇಬ್ ಬಿಜಾಪುರ ಗೆದ್ದ. ಆಮೇಲೆ ಉರ್ದು ಕಾವ್ಯದ ಗದ್ದುಗೆ ದಿಲ್ಲಿ, ಲಖನೌ ಕಡೆ ಹೋಯ್ತು. 1880ರಲ್ಲಿ ಮಹಮ್ಮದ್ ಹುಸೇನ್ ಆಜಾದ್ 'ಆಬ್-ಎ-ಹಯಾತ್' ಅಂತ ಉರ್ದು ಕಾವ್ಯದ ಚರಿತ್ರೆ ಬರೆದರು. ಅದರಲ್ಲಿ ಕಥೆ ಶುರು ಆಗೋದೇ ವಲಿಯಿಂದ. ವಲಿಗಿಂತ ಮೊದಲು ದಖ್ಖನಿಯಲ್ಲಿ ಕಟ್ಟಿದ್ದೆಲ್ಲ ಪುಸ್ತಕದ ಹೊರಗೆ. ಮುಂದಿನ ಎರಡು ಮೂರು ತಲೆಮಾರು ಆ ಪುಸ್ತಕವನ್ನೇ ಓದಿ ಬೆಳೀತು. ಹೀಗೆ ಒಂದು ಸಾಹಿತ್ಯದ ಭಾಷೆ ಬರೀ ಆಡುಭಾಷೆ ಆಯ್ತು, ಆಮೇಲೆ ನಗೋ ಭಾಷೆ ಆಯ್ತು. 1965ರ 'ಗುಮ್ನಾಮ್' ಸಿನಿಮಾದಾಗ ಮೆಹಮೂದ್ ಹೈದರಾಬಾದಿ ದಾಟಿಯಲ್ಲಿ ಮಾತಾಡಿ ನಗಿಸಿದ. ನಾನೂ ನಕ್ಕೀನಿ, ಚೆಂದ ಮಾಡ್ಯಾನ. ಆದ್ರ ಫೆಸ್ಟ್‌ನಾಗ ನನ್ನ ಮೊದಲ ಸಾಲಿಗೇ ಹಾಲ್ ಯಾಕ ನಕ್ತು ಅಂತ ಕೇಳಿದ್ರ, ಆ ನಗು ಅಷ್ಟು ದೂರದಿಂದ ಬಂದದ.

ಇದರ ಮೇಲೆ ಇನ್ನೊಂದು ತೊಡಕು. ನೌರಸ್ ಹಾಡುಗಳಲ್ಲಿ ಸಂಸ್ಕೃತದ ಮಾತು ತುಂಬಾ ಜಾಸ್ತಿ, ಹಂಗಾಗಿ ಉರ್ದುವಿನವರಿಗೆ ಅದು ತಮ್ಮದು ಅನ್ನಿಸಲಿಲ್ಲ. ಬರೆದಿದ್ದು ಪರ್ಶಿಯನ್-ಅರಬ್ಬಿ ಲಿಪಿಯಲ್ಲಿ, ಹಿಂದಿಯವರಿಗೆ ಓದಲಿಕ್ಕೆ ಬರಲಿಲ್ಲ. ನಮ್ಮ ಕನ್ನಡದವರಿಗೆ ಅದು ಕನ್ನಡ ಅಲ್ಲ. ಮೂರು ಕಪಾಟು, ಮೂರರಲ್ಲೂ ಜಾಗ ಇಲ್ಲ. ಇವನ ಭಾವಮೈದುನ, ಗೋಲ್ಕೊಂಡಾದ ಮಹಮ್ಮದ್ ಕುಲಿ ಕುತುಬ್‌ಶಾಹ, ಇವನ ಹಂಗೇ 1580ರಲ್ಲಿ ಗಾದಿಗೆ ಬಂದವನು, ಅವನೂ ದಖ್ಖನಿ ಕವಿ. ಅವನನ್ನು ಹೈದರಾಬಾದ್ ಎತ್ತಿ ಆಡಿಸಿತು, ಊರು ಕಟ್ಟಿದವನು ಅಂತ. ಇಬ್ರಾಹಿಂ ಕಟ್ಟಿದ ಊರು ಪಾಳು ಬಿತ್ತು.

ಹಂಗಂತ ಪೂರ್ತಿ ಕತ್ತಲೂ ಇಲ್ಲ. 1956ರಲ್ಲಿ ನಜೀರ್ ಅಹ್ಮದ್ ಅನ್ನೋ ವಿದ್ವಾಂಸರು ಹಸ್ತಪ್ರತಿಗಳನ್ನು ಹೋಲಿಸಿ ನೋಡಿ ಕಿತಾಬ್-ಎ-ನೌರಸ್ ಪ್ರಕಟಿಸಿದರು. ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನಾ ಕೇಂದ್ರ ಆದಿಲ್‌ಶಾಹಿ ಕಾಲದ ಗ್ರಂಥಗಳನ್ನು ಕನ್ನಡಕ್ಕೆ ತರೋ ಕೆಲಸಕ್ಕೆ ಕೈ ಹಾಕಿತು. ವಚನಗಳ ತಾಳೆಗರಿ ಹುಡುಕಿ ಉಳಿಸಿದ ಹಳಕಟ್ಟಿಯವರ ಹೆಸರಿನ ಜಾಗದಿಂದ ಈ ಕೆಲಸ ನಡೆದದ್ದು ನನಗೆ ಭಾಳ ಖುಷಿ ಕೊಟ್ಟ ಸಂಗತಿ.

ನನ್ನ ಹತ್ರ ಪದ ಬಂದ್ವು, ಧಾಟಿ ಇಲ್ಲ. ಆಗ ಸ್ವರ ಬರೆದಿಡೋ ರೂಢಿ ಇರಲಿಲ್ಲ; ಗುರುವಿನ ಗಂಟಲಿನಿಂದ ಶಿಷ್ಯನ ಗಂಟಲಿಗೆ, ಸರಪಳಿ ಎಲ್ಲೋ ಕಡಿದರೆ ಮುಗೀತು. ರಾಗದ ಹೆಸರು ಇದ್ರೂ ಇವತ್ತಿನ ಭೈರವವೇ ಅವತ್ತಿನ ಭೈರವ ಅಂತ ಆಣೆ ಮಾಡಿ ಹೇಳಲಿಕ್ಕೆ ಆಗಲ್ಲ, ರಾಗಗಳೂ ಬದಲಾಗ್ತಾವ. ಇದೆಲ್ಲ ಗೊತ್ತಿದ್ದೂ ಗಿಟಾರ್ ತಗೊಂಡು ಕುಂತೆ. ಭೈರವದ ಕೋಮಲ ರಿಷಭ ತೂಗಾಡಬೇಕು, ಗಿಟಾರಿನ ಪಟ್ಟಿ ಮೇಲೆ ಅದು ಸುಮ್ಮನೆ ಬರಲ್ಲ, ತಂತಿಯನ್ನು ಪಕ್ಕಕ್ಕೆ ಜಗ್ಗಿ ಜಗ್ಗಿ ತರಬೇಕು. ಬೆರಳ ತುದಿ ಸುಲಿದು ಹೋಯ್ತು. ಎರಡು ವಾರಕ್ಕೆ ಒಂದು ಹಾಡಿಗೆ ಏನೋ ಒಂದು ನಡಿಗೆ ಕೂಡಿಬಂತು. ಅದು ಇಬ್ರಾಹಿಂನ ಧಾಟಿ ಅಲ್ಲ, ನಂದು. ಅದನ್ನ ಸ್ಪಷ್ಟ ಹೇಳಿಬಿಡ್ತೀನಿ.

ಹೋದ ರಮಜಾನ್ ಮುಗಿದ ಮೇಲೆ ಕಮಲಾಪುರದ ಮನೆ ಅಂಗಳದಾಗ ಕುಂತು ನಾನಿಗೆ ಹಾಡಿ ತೋರಿಸಿದೆ. ಯಾರು ಬರೆದದ್ದು ಅಂತ ಮೊದಲೇ ಹೇಳಿರಲಿಲ್ಲ. ಆಕೆಗೆ ಓದು ಬರಹ ಬರಲ್ಲ. ನಾನು ನಿಘಂಟು ಹಿಡ್ಕೊಂಡು, ಇವರನ್ನ ಅವರನ್ನ ಕೇಳಿ, ವಾರಗಟ್ಟಲೆ ಒದ್ದಾಡಿ ಅರ್ಥ ಮಾಡ್ಕೊಂಡಿದ್ದ ಸಾಲುಗಳು. ಸಂಸ್ಕೃತದ ದೊಡ್ಡ ಮಾತುಗಳು ಆಕೆಗೂ ಗೊತ್ತಾಗಲಿಲ್ಲ. ಆದ್ರ ಅವುಗಳ ನಡುವೆ ಬರೋ ಸಣ್ಣ ಸಣ್ಣ ಮಾತು, ದಿನಬಳಕೆ ಕ್ರಿಯಾಪದ, ಅವಕ್ಕೆಲ್ಲ ತಲೆ ಆಡಿಸ್ತಾ ಕುಂತಿದ್ದಳು. ಎರಡನೇ ಸಲ ಹಾಡೋವಾಗ ನಡುವೆ ಕೈ ಎತ್ತಿ ನಿಲ್ಲಿಸಿದಳು. ನಾನು ಒಂದು ಮಾತನ್ನು ಪುಸ್ತಕದ ಉರ್ದುವಿನ ಹಂಗ ಎಳೆದು ಹಾಡಿದ್ದೆ.

"ಐಸಾ ನಕ್ಕೋ ರೇ," ಅಂದಳು. ಹಂಗ ಅಲ್ಲೋ. ಆಮೇಲೆ ಆ ಮಾತನ್ನ ತಾನೇ ಆಡಿ ತೋರಿಸಿದಳು, ಮನೆಯಾಗ ನಾವು ಆಡೋ ಹಂಗ, ಗಿಡ್ಡ ಮಾಡಿ. ಹಂಗೇ ಹಾಡಿದೆ. ರಾಗದ ನಡಿಗೆಗೆ ಅದೇ ಸರಿ ಕೂತ್ಕೊಂತು.

ರೆಕಾರ್ಡಿಂಗ್‌ನಾಗ ಈಗ ನೀವು ಕೇಳಲಿರೋದು ಆಕೆ ತಿದ್ದಿದ ಮೇಲಿನದು. ಹಿಂದ ಕೋಳಿ ಕೂಗೋ ಸಪ್ಪಳ ಬರ್ತದ, ಅದನ್ನ ತೆಗೀಲಿಕ್ಕೆ ಹೋಗಿಲ್ಲ.